ಕಪ್ಪಾಗದ ಕಾಲುಂಗುರ

ನನ್ನ ಬೆರಳುಗಳು ಇಪ್ಪತ್ತೆರಡು ವರ್ಷದಿಂದ ಒಂದಲ್ಲ ಒಂದು ಬಣ್ಣದಲ್ಲೇ ಇವೆ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವುದು ನನ್ನ ಕೆಲಸ. ಕುದಿಯುವ ತೊಟ್ಟಿಯಲ್ಲಿ ನೂಲಿನ ಲಡಿಗಳನ್ನು ಅದ್ದಿ, ತಿರುವಿ, ಹಿಂಡಿ, ಒಣಹಾಕುವವನಿಗೆ ಕೈಗವಸು ಎಂಬುದು ಮೊದಲ ವಾರದ ಶೋಕಿ, ಆಮೇಲೆ ಅದು ಗೋಡೆಯ ಮೊಳೆಗೆ ನೇತುಬೀಳುತ್ತದೆ. ಕೆಂಪು ನಾಲ್ಕು ದಿನಕ್ಕೆ ಹೋಗುತ್ತದೆ, ಹಸಿರು ವಾರಕ್ಕೆ. ನೀಲಿ ಮಾತ್ರ ಉಗುರಿನ ಸಂದಿಯಲ್ಲಿ ಮನೆ ಮಾಡಿಕೊಂಡುಬಿಡುತ್ತದೆ. ಬೆವರಿದಾಗ ನಾನು ಮುಟ್ಟಿದ್ದಕ್ಕೆಲ್ಲ ಅಷ್ಟಿಷ್ಟು ಹತ್ತುತ್ತದೆ. ಅಮ್ಮ ಬದುಕಿದ್ದಾಗ, ‘ಇವ್ನು ಕಳ್ಳತನಕ್ಕೆ ಲಾಯಕ್ಕಿಲ್ಲ, ಮುಟ್ಟಿದ್ ಕಡೆಯೆಲ್ಲಾ ರುಜು ಹಾಕ್ಬಿಟ್ಟು ಬರ್ತಾನೆ’ ಎಂದು ನಗುತ್ತಿದ್ದಳು.

ಇದನ್ನು ಮೊದಲೇ ಹೇಳಲು ಕಾರಣವಿದೆ. ನಾನು ಮೋಸ ಹೋದದ್ದು ಈ ಬೆರಳುಗಳಿಂದಲೇ.

ಬೆಂಗಳೂರಿನ ಹುಡುಗರು ಭಾನುವಾರ ಬಂತೆಂದರೆ ಬೈಕು ಏರಿ ನಮ್ಮ ಕಡೆಯ ಬೆಟ್ಟಗಳಿಗೆ ಬರುತ್ತಾರೆ. ಹೋದ ತಿಂಗಳು ಟೀ ಅಂಗಡಿಯಲ್ಲಿ ಒಬ್ಬ ನನ್ನನ್ನು ಕೇಳಿದ: ‘ಗುರು, ಈ ಕಾಡಲ್ಲಿ ಮ್ಯಾಜಿಕ್ ಮಶ್ರೂಮ್ ಸಿಗುತ್ತಂತಲ್ಲ, ಹೌದಾ? ತಿಂದ್ರೆ ಮೈಂಡ್ ಓಪನ್ ಆಗುತ್ತಂತೆ.’ ಆಗುತ್ತದೆ, ಸುಳ್ಳಲ್ಲ. ಆದರೆ ಮುಚ್ಚಿಟ್ಟವನು ಯಾಕೆ ಮುಚ್ಚಿಟ್ಟ ಎಂದು ಅದು ವಿಚಾರಿಸುವುದಿಲ್ಲ. ಇದನ್ನೆಲ್ಲ ಆ ಹುಡುಗನಿಗೆ ಹೇಳುವ ತಾಳ್ಮೆ ನನಗಿರಲಿಲ್ಲ. ‘ನಂಗೊತ್ತಿಲ್ಲಪ್ಪ’ ಎಂದು ಅರ್ಧ ಟೀ ಬಿಟ್ಟು ಎದ್ದು ಬಂದೆ.

ನನಗೆ ಇರುವುದು ಒಬ್ಬಳೇ ಅಕ್ಕ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಪ್ಪ ಬೇಗ ಹೋದ, ಅಮ್ಮ ಮಗ್ಗಕ್ಕೆ ನೂಲು ಸುತ್ತಲು ಹೋಗುತ್ತಿದ್ದಳು, ಹಾಗಾಗಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಅವಳನ್ನು ಕೊಟ್ಟದ್ದು ರಾಜಘಟ್ಟ ದಾಟಿ ಇನ್ನೂ ಒಳಗಿರುವ ಒಂದು ಸಣ್ಣ ಊರಿಗೆ. ಭಾವ ದಾಬಸ್‌ಪೇಟೆಯಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾರೆ. ನನಗೆ ಮದುವೆ ಎಂಬುದು ಕೂಡಿಬರಲಿಲ್ಲ, ಕೂಡಿಸುವ ಆತುರವೂ ಯಾರಿಗೂ ಇರಲಿಲ್ಲ. ಅಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಎರಡು ವರ್ಷ ನೋಡಿಕೊಂಡವನು ನಾನೇ. ಅನ್ನ ಕಲಸಿ ತಿನ್ನಿಸಿದ್ದು, ಮಗ್ಗಲು ತಿರುಗಿಸಿದ್ದು, ಬಟ್ಟೆ ಬದಲಿಸಿದ್ದು, ಎಲ್ಲ ಈ ಬಣ್ಣದ ಕೈಗಳಿಂದಲೇ. ಅಕ್ಕ ವಾರಕ್ಕೊಮ್ಮೆ ಬಸ್ಸು ಹಿಡಿದು ಬರುತ್ತಿದ್ದಳು, ಬರುವಾಗ ಏನಾದರೂ ಮಾಡಿಕೊಂಡು ತರುತ್ತಿದ್ದಳು.

ಕೊನೆಯ ತಿಂಗಳುಗಳಲ್ಲಿ ಅಮ್ಮನಿಗೆ ನಿದ್ದೆ ಹೋಯಿತು. ನರಳಾಟ, ಕೂಗು. ಡಾಕ್ಟರು ಒಂದು ನಿದ್ದೆ ಮಾತ್ರೆ ಬರೆದುಕೊಟ್ಟು, ‘ದಿನಕ್ಕೆ ಒಂದೇ. ಉಸಿರಾಟ ಮೊದಲೇ ಸರಿಯಿಲ್ಲ, ಎರಡನೇದು ಕೊಡಬೇಡಿ’ ಎಂದು ಬೆರಳು ತೋರಿಸಿ ಹೇಳಿದ್ದರು. ಅಕ್ಕನೂ ಎದುರಿಗೇ ಇದ್ದಳು. ಅಮ್ಮ ಹೋದದ್ದು ಮಾರ್ಗಶಿರದ ಒಂದು ಮಧ್ಯಾಹ್ನ. ನಾನು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ. ಎದ್ದು ನೋಡಿದರೆ ಅಮ್ಮನ ಮೈ ತಣ್ಣಗಾಗಿತ್ತು.

ಹೆಣ ಎತ್ತಿದ ಮೇಲೆ ಮನೆ ಗುಡಿಸುವುದು ನಮ್ಮಲ್ಲಿ ಹೆಂಗಸರ ಕೆಲಸ. ನಾವು ಸ್ಮಶಾನದಿಂದ ಬಂದು ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಅಕ್ಕ ಗುಡಿಸಿ ಮುಗಿಸಿ ಕಿಟಕಿಯ ಹತ್ತಿರ ಕೂತಿದ್ದಳು. ಕೈಯಲ್ಲಿ ಮಾತ್ರೆಯ ಪಟ್ಟಿ. ಅದು ಹೊಸದು, ಹಿಂದಿನ ದಿನ ಸಂಜೆಯಷ್ಟೇ ಅವಳೇ ತಂದುಕೊಟ್ಟು ಹೋಗಿದ್ದಳು.

‘ಎರಡು ಖಾಲಿಯಾಗವೆ’ ಎಂದಳು.

‘ಒಂದು ಕೈ ಜಾರಿ ಕೆಳಕ್ಕೆ ಬಿತ್ತು ಅಕ್ಕ.’

‘ಎಲ್ಲಿ ಬಿತ್ತು?’

‘ಇಲ್ಲೇ, ಮಂಚದ ಕೆಳಗೆ.’

‘ಈಗ್ತಾನೆ ಗುಡಿಸ್ದೆ’ ಎಂದಳು.

ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಆ ದಿನದಿಂದ ಅವಳು ನಮ್ಮ ಮನೆಯಲ್ಲಿ ಒಂದು ಲೋಟ ನೀರು ಮುಟ್ಟಲಿಲ್ಲ. ಹನ್ನೊಂದನೇ ದಿನ ಪಕ್ಕದ ಮನೆಯ ನಲ್ಲಿಯಲ್ಲಿ ಕುಡಿದು ಬಂದು ಕೂತಳು. ಹೊರಡುವಾಗ ಅಮ್ಮನ ಸೀರೆ, ಪಾತ್ರೆ ಯಾವುದನ್ನೂ ನೋಡದೆ ಅಡುಗೆಮನೆಗೆ ಹೋಗಿ, ಸಾಸಿವೆ ಡಬ್ಬಿಯಲ್ಲಿ ಕೈಯಾಡಿಸಿ ಬೆಳ್ಳಿಯ ಕಾಲುಂಗುರ ಒಂದನ್ನು ತೆಗೆದುಕೊಂಡಳು. ಅಪ್ಪ ಸತ್ತ ದಿನ ಅಮ್ಮ ಬಿಚ್ಚಿಟ್ಟ ಉಂಗುರ ಅದು. ಜೋಡಿಯಲ್ಲಿ ಇನ್ನೊಂದು ಎಲ್ಲಿಯೋ ಕಳೆದುಹೋಗಿತ್ತು, ಇದನ್ನು ಅಮ್ಮ ಅಣಬೆ ಸಾರಿಗೆಂದೇ ಇಟ್ಟುಕೊಂಡಿದ್ದಳು.

ಅಮ್ಮನಿಗೆ ಅಣಬೆಯ ವಿಷಯದಲ್ಲಿ ಮೂರು ಕಟ್ಟಳೆಗಳಿದ್ದವು. ಹುತ್ತದಲ್ಲಿ ಎದ್ದದ್ದನ್ನು ಮಾತ್ರ ಕೀಳಬೇಕು, ತಿಪ್ಪೆಯದನ್ನು ತಿಪ್ಪೆಗೇ ಬಿಡಬೇಕು. ಸಿಕ್ಕಿದ್ದರಲ್ಲಿ ಮೊದಲ ಪಾಲು ಒಡಹುಟ್ಟಿದವರ ಮನೆಗೆ ಕೊಡಬೇಕು, ಒಬ್ಬನೇ ತಿಂದರೆ ಮುಂದಿನ ವರ್ಷ ಆ ಹುತ್ತ ಬಾಯಿ ಬಿಡುವುದಿಲ್ಲ. ಇನ್ನು, ಸಾರು ಕುದಿಯುವಾಗ ಬೆಳ್ಳಿ ಹಾಕಬೇಕು. ಬೆಳ್ಳಿ ಕಪ್ಪಾದರೆ ಅಣಬೆಯಲ್ಲಿ ವಿಷ ಇದೆ, ಬೆಳ್ಳಗೇ ಉಳಿದರೆ ಉಣ್ಣಬಹುದು. ನಾವು ಮಕ್ಕಳು ಒಲೆಯ ಮುಂದೆ ಕೂತು ಅಮ್ಮ ಸೌಟಿನಲ್ಲಿ ಆ ಉಂಗುರ ಎತ್ತುವುದನ್ನೇ ಕಾಯುತ್ತಿದ್ದೆವು. ಒಂದು ದಿನವೂ ಅದು ಕಪ್ಪಾಗಿ ಬಂದದ್ದಿಲ್ಲ. ಬೆಳ್ಳಿಗೂ ವಿಷಕ್ಕೂ ಸಂಬಂಧವೇ ಇಲ್ಲ ಎಂಬುದು ನನಗೆ ತಿಳಿದದ್ದು ತೀರ ಈಚೆಗೆ.

ಒಂದು ವರ್ಷ ಅಕ್ಕ ನನ್ನ ಫೋನು ಎತ್ತಲಿಲ್ಲ. ಅವಳ ಮಗಳಿಗೆ, ಅಂದರೆ ನನ್ನ ಸೊಸೆಗೆ, ಸೀಮಂತವಾಯಿತು. ಸೋದರಮಾವನ ಸೀರೆ ಇಲ್ಲದೆಯೇ ಆಯಿತು. ನಾನೇ ನೂಲಿಗೆ ಬಣ್ಣ ಹಾಕಿ, ಮಗ್ಗದವರಿಗೆ ಹೇಳಿ ನೇಯಿಸಿಟ್ಟಿದ್ದ ಹಸಿರು ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಸಿಟ್ಟು ಬಂತು, ಆದರೆ ಯಾರ ಮೇಲೆ ಮಾಡುವುದು?

ಅಮ್ಮನ ವರ್ಷದ ತಿಥಿಗೆ ಒಂದು ವಾರ ಇರುವಾಗ, ಭಾನುವಾರ, ನಾನು ಮೊಪೆಡ್ ಏರಿ ಅಕ್ಕನ ಊರಿಗೆ ಹೋದೆ. ಮದ್ರಾಸಿನ ಕಡೆ ಸೈಕ್ಲೋನ್ ಎದ್ದರೆ ನಮಗೆ ಜಡಿ ಹಿಡಿಯುತ್ತದೆ. ಆ ಸಲವೂ ನಾಲ್ಕು ದಿನ ಜಿಟಿಜಿಟಿ ಸುರಿದು ಅಂದು ಬೆಳಗ್ಗೆಯಷ್ಟೇ ಬಿಟ್ಟಿತ್ತು. ಮಂಜು, ಮೈ ಕೊರೆಯುವ ಚಳಿ. ಅಕ್ಕ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಏಳು ತಿಂಗಳ ಬಸುರಿ ಮಗಳು ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು.

‘ಮುಂದಿನ ಭಾನುವಾರ ಅಮ್ಮನ ತಿಥಿ. ನೀನು ಬರ್ಬೇಕು’ ಎಂದೆ, ಅಂಗಳದಲ್ಲೇ ನಿಂತು.

‘ಎಡೆ ಇಡಾಕೆ ನೀನಿದೀಯಲ್ಲ.’

‘ನೀನಿಲ್ದೆ ಅಮ್ಮಂಗೆ ಹೆಂಗೆ ಎಡೆ ಇಡ್ಲಿ ಅಕ್ಕ?’

‘ಹೆಂಗೆ ಕಳಿಸಿದ್ಯೋ ಹಂಗೇ ಇಡು.’

ಅವಳು ತಲೆ ಎತ್ತಲಿಲ್ಲ. ಸೊಸೆಗೆ ಸಂಕಟವಾಗಿರಬೇಕು, ಮಾತು ಬದಲಿಸಲು ನೋಡಿದಳು. ‘ಮಾಮ, ಕಾಡಲ್ಲಿ ಅಣಬೆ ಎದ್ದಿರ್ತವಾ ಈಗ? ಅಜ್ಜಿ ಮಾಡ್ತಿದ್ದ ಸಾರು ಒಂದೇ ಸಮ ನೆಪ್ಪಾಗ್ತೈತೆ.’

‘ಈ ಚಳೀಲಿ ಎಲ್ಲಿಂದ ಬರ್ತವೆ, ಸುಮ್ನಿರು’ ಎಂದಳು ಅಕ್ಕ.

ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಮನೆಗೆ ಹಿಂದಿರುಗಿ ಆ ಖಾಲಿ ಮಂಚ ನೋಡಲು ನನಗೆ ಮನಸ್ಸಾಗಲಿಲ್ಲ. ಊರ ಹಿಂದೆ ಕಾಡಿದೆ. ಕಾಡು ಎಂದರೆ ಸಾಲಾಗಿ ನೆಟ್ಟ ನೀಲಗಿರಿ, ನಡುನಡುವೆ ಹೊಂಗೆ, ಜಾಲಿ, ಲಂಟಾನ ಪೊದೆ. ಹತ್ತಿರದ ದಾರಿಯಲ್ಲಿ ಮುಕ್ಕಾಲು ಮೈಲಿ ಒಳಗೆ ಹೋದರೆ ಒಂದು ಬಯಲು ಜಾಗ, ಅದರ ಅಂಚಿಗೆ ಎದೆಯೆತ್ತರದ ಹುತ್ತ. ಸುಮ್ಮನೆ ನಡೆಯುತ್ತಾ ಅಲ್ಲಿಗೆ ಬಂದಾಗ ಹುತ್ತದ ಬುಡದಲ್ಲಿ ಅಣಬೆಗಳಿದ್ದವು. ಹುತ್ತದ ಅಣಬೆಯಷ್ಟು ದಪ್ಪವಲ್ಲ, ಸ್ವಲ್ಪ ಹಳದಿ ಕೂಡ. ಚಳಿಗಾಲಕ್ಕೆ ಹೀಗೇ ಏಳುತ್ತವೇನೋ ಎಂದುಕೊಂಡೆ. ಬೇಕಾದವನಿಗೆ ಕಾರಣಗಳು ತಾವಾಗಿಯೇ ಸಿಗುತ್ತವೆ.

ಆ ಬಯಲಿನಲ್ಲಿ ದನ ಬಿಡುತ್ತಾರೆ, ಬಿಸಿಲಿಗೆ ದನಗಳು ಹುತ್ತದ ನೆರಳಲ್ಲೇ ಮಲಗುತ್ತವೆ. ಅವು ಹಾಕಿದ ಸಗಣಿಯ ಮೇಲೆ ಗೆದ್ದಲು ಮಣ್ಣು ಮೆತ್ತಿ, ಮಳೆಗೆ ಅದೂ ಹುತ್ತದ ಮಣ್ಣಿನ ಹಾಗೆಯೇ ಕಾಣುತ್ತಿತ್ತು. ಇದನ್ನೆಲ್ಲ ನಾನು ಗಮನಿಸಿದ್ದು ಎಷ್ಟೋ ದಿನದ ಮೇಲೆ, ಮತ್ತೆ ಅಲ್ಲಿಗೆ ಹೋಗಿ ಕೋಲಿನಿಂದ ಕೆದಕಿದಾಗ. ಅಂದು ನನ್ನ ಕಣ್ಣಿಗೆ ಹುತ್ತವೊಂದೇ ಬಿತ್ತು.

ಒಂದೊಂದಾಗಿ ಕಿತ್ತು ಕರವಸ್ತ್ರಕ್ಕೆ ಹಾಕುತ್ತಿದ್ದಾಗ, ಬೆರಳು ಒತ್ತಿದ ಕಡೆ ಕಾಂಡ ನೀಲಿಯಾಗುವುದು ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಸಾಕಿ ಕೈ ಒರೆಸಿಕೊಳ್ಳುತ್ತಿದ್ದರು. ನನಗೆ ಬಂದದ್ದು ನಾಚಿಕೆ. ಶುಕ್ರವಾರವಷ್ಟೇ ನವಿಲು ನೀಲಿಯ ತೊಟ್ಟಿಯಲ್ಲಿ ಕೈ ಅದ್ದಿದ್ದೆ. ಥೂ, ಅಕ್ಕನಿಗೆ ಕೊಡುವುದರ ಮೇಲೂ ನನ್ನ ಕೈಯ ಕೊಳೆ ಹತ್ತಿತಲ್ಲ ಎಂದು ಪ್ಯಾಂಟಿಗೆ ಬೆರಳು ಉಜ್ಜಿ ಉಜ್ಜಿ, ಉಗುರಿನಿಂದ ಕಾಂಡ ಕೆರೆದೆ. ಕೆರೆದಷ್ಟೂ ನೀಲಿ ಹೆಚ್ಚಾಯಿತು. ಉಗುರಿನ ಸಂದಿಯದು ಇಳಿಯುತ್ತಿದೆ ಎಂದುಕೊಂಡು ಕೆರೆಯುವುದನ್ನು ಬಿಟ್ಟೆ.

ದೊಡ್ಡ ಪಾಲು ಕರವಸ್ತ್ರದಲ್ಲಿ ಕಟ್ಟಿ ಅಕ್ಕನ ಮನೆಗೆ ತಿರುಗಿ ಹೋದೆ. ನನ್ನ ಪಾಲಿನ ಒಂದು ಹಿಡಿಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದೆ. ಅಕ್ಕ ಗಂಟು ಬಿಚ್ಚಿ ನೋಡಿದಳು.

‘ಎಲ್ಲಿ ಕಿತ್ತೆ?’

‘ಹುತ್ತದ ಬುಡದಾಗೆ.’

‘ಇದೇನು ನೀಲಿ?’

ನಾನು ಎರಡೂ ಕೈ ಚಾಚಿ ತೋರಿಸಿದೆ. ಅಕ್ಕ ನನ್ನ ಬೆರಳು ನೋಡಿದಳು. ಒಂದು ವರ್ಷದಲ್ಲಿ ಮೊದಲ ಸಲ ಅವಳ ತುಟಿ ಸಡಿಲವಾಯಿತು. ‘ಮುಟ್ಟಿದ್ ಕಡೆಯೆಲ್ಲಾ ರುಜು’ ಎಂದಳು, ಅಮ್ಮನ ಮಾತನ್ನೇ. ಆಮೇಲೆ ಗಂಟು ಎತ್ತಿಕೊಂಡು, ‘ಮಧ್ಯಾಹ್ನಕ್ಕೆ ಸಾರು ಮಾಡ್ತೀನಿ’ ಎಂದು ಒಳಗೆ ಹೋದಳು. ಊಟಕ್ಕೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಅಡುಗೆ ಆಗುವ ಹೊತ್ತಿಗೆ ಹೋದರೆ ಒಂದು ಮುದ್ದೆ ಹಾಕಿಯಾಳು, ಒಟ್ಟಿಗೆ ಉಂಡ ಮೇಲೆ ತಿಥಿಗೆ ಬರುವುದಿಲ್ಲ ಅನ್ನಲು ಅವಳಿಗೂ ಬಾಯಿ ಬಾರದು. ಅಲ್ಲಿಯತನಕ ಹೊತ್ತು ಕಳೆಯಲು ಮತ್ತೆ ಕಾಡಿಗೇ ಹೋದೆ.

ಚಿಕ್ಕಂದಿನಲ್ಲಿ ಅಣಬೆ ಸಿಕ್ಕಾಗ ಒಂದೆರಡನ್ನು ಕೆಂಡದಲ್ಲಿ ಸುಟ್ಟು ತಿನ್ನುತ್ತಿದ್ದೆವು. ಮೊದಲ ಪಾಲು ಕೊಟ್ಟಾಗಿತ್ತು, ಇನ್ನು ನನ್ನದನ್ನು ತಿನ್ನಲು ಅಡ್ಡಿಯಿರಲಿಲ್ಲ. ಹುತ್ತದ ಹತ್ತಿರ ಒಣ ತೊಗಟೆ ಹುಡುಕಿ ಬೆಂಕಿ ಮಾಡಿ, ಕೈ ಕಾಯಿಸಿಕೊಂಡು, ಅಣಬೆ ಸುಟ್ಟು ಎಲ್ಲವನ್ನೂ ತಿಂದೆ. ರುಚಿಯೇನೂ ಇರಲಿಲ್ಲ, ಸ್ವಲ್ಪ ಒಗರು. ಅಮ್ಮನ ಸಾರಿನ ಮುಂದೆ ಇದು ಯಾವ ಲೆಕ್ಕ ಎಂದುಕೊಂಡೆ.

ಅರ್ಧ ಗಂಟೆಯಾಗಿರಬಹುದು. ಆಕಳಿಕೆ ಶುರುವಾಯಿತು, ನಿದ್ದೆಯ ಆಕಳಿಕೆಯಲ್ಲ, ದವಡೆ ಕಳಚುವ ಹಾಗೆ ಒಂದರ ಹಿಂದೆ ಒಂದು. ಕಾಲಿನಿಂದ ಚಳಿ ಹತ್ತಿತು, ಬೆಂಕಿಗೆ ಎಷ್ಟು ಹತ್ತಿರ ಸರಿದರೂ ಹೋಗಲಿಲ್ಲ. ನೀಲಗಿರಿ ಮರದ ತೊಗಟೆ ಸುಲಿದು ಉದ್ದುದ್ದಕ್ಕೆ ನೇತಾಡುತ್ತದಲ್ಲ, ಅದನ್ನು ನೋಡುತ್ತಿದ್ದೆ. ಅದು ಬಣ್ಣ ಹಾಕಿ ಒಣಗಲು ಬಿಟ್ಟ ನೂಲಾಯಿತು. ಮರಗಳ ಸಾಲು ಮಗ್ಗಕ್ಕೆ ಎಳೆದು ಕಟ್ಟಿದ ಉದ್ದೆಳೆಗಳ ಹಾಸಾಯಿತು. ಅದರ ನಡುವೆ ಯಾರೋ ಲಾಳಿ ಒಗೆದ ಹಾಗೆ ಮಂಜು ಅತ್ತಿಂದಿತ್ತ ಓಡತೊಡಗಿತು. ನಾನು ಕೈಯಾರೆ ಕಲಸಿದ ಬಣ್ಣಗಳೆಲ್ಲ ನೆಲದಿಂದ ಏಳುತ್ತಿದ್ದವು, ಗಿಳಿ ಹಸಿರು, ಈರುಳ್ಳಿ ಬಣ್ಣ, ಗಂಧದ ಬಣ್ಣ. ಚೆನ್ನಾಗಿತ್ತು ಎಂದು ಹೇಳಬೇಕು. ಒಂದೈದು ನಿಮಿಷ ಬಾಯಿ ಬಿಟ್ಟುಕೊಂಡು ನೋಡಿದೆ.

ಆಮೇಲೆ ನನ್ನ ಕೈ ನೋಡಿಕೊಂಡೆ. ಬೆರಳ ತುದಿಯ ನೀಲಿ ಮಣಿಕಟ್ಟಿಗೆ ಬಂದಿತ್ತು. ನೋಡನೋಡುತ್ತಾ ಮೊಣಕೈಗೆ ಏರಿತು. ಅದು ಬಣ್ಣವಲ್ಲ, ಅಮ್ಮನ ತುಟಿಗೆ ಕೊನೆಯಲ್ಲಿ ಬಂದಿದ್ದ ನೀಲಿ ಎಂದು ನನಗೆ ಯಾರೂ ಹೇಳಲಿಲ್ಲ, ನನಗೇ ಗೊತ್ತಾಯಿತು.

ಆ ಮಧ್ಯಾಹ್ನ ನನ್ನ ಮುಂದೆ ಬಂದು ನಿಂತಿತು. ನೆನಪಾಯಿತು ಎಂದರೆ ಸರಿಯಾಗುವುದಿಲ್ಲ, ನಾನು ಅದರೊಳಗೇ ಇದ್ದೆ. ಪಾಳಿ ಮುಗಿಸಿ ಬಂದು, ಗಂಜಿ ಕುಡಿಸಿ, ಆ ದಿನದ ಮಾತ್ರೆಯನ್ನು ಬೆಳಗ್ಗೆಯೇ ಕೊಟ್ಟಿದ್ದೆ. ಅಮ್ಮ ನಿದ್ದೆ ಹೋಗಲಿಲ್ಲ. ನರಳುತ್ತಿದ್ದಳು, ನನ್ನ ಹೆಸರು ಕೂಗುತ್ತಿದ್ದಳು, ಎದ್ದು ಹೋದರೆ ಏನೂ ಬೇಡ ಎನ್ನುತ್ತಿದ್ದಳು. ಆರು ಸಲ, ಏಳು ಸಲ. ನನ್ನ ಕಣ್ಣುಗಳು ಉರಿಯುತ್ತಿದ್ದವು. ಒಂದು ವರ್ಷದಿಂದ ನಾನು ನನಗೆ ಹೇಳಿಕೊಂಡು ಬಂದದ್ದು, ಬೆಳಗ್ಗೆ ಕೊಟ್ಟೆನೋ ಇಲ್ಲವೋ ಮರೆತು ಇನ್ನೊಂದು ಕೊಟ್ಟಿರಬಹುದು ಎಂದು. ಹೇಳಿ ಹೇಳಿ ಅದು ನಿಜವೇ ಆಗಿಬಿಟ್ಟಿತ್ತು. ಕಾಡಿನಲ್ಲಿ ಅದು ನಿಲ್ಲಲಿಲ್ಲ. ನಾನು ಮರೆತಿರಲಿಲ್ಲ. ಪಟ್ಟಿ ಕೈಗೆತ್ತಿಕೊಂಡಾಗ ಡಾಕ್ಟರ ಬೆರಳು ಕೂಡ ನೆನಪಿತ್ತು. ‘ಮಲ್ಕೊಳಮ್ಮ, ನಂಗೂ ಮಲಗಾಕೆ ಬಿಡು’ ಎಂದು ಗದರಿ, ಗೊತ್ತಿದ್ದೂ ಎರಡನೆಯ ಮಾತ್ರೆಯನ್ನು ಅವಳ ನಾಲಿಗೆಯ ಮೇಲಿಟ್ಟೆ. ಸಾಯಲಿ ಎಂದಲ್ಲ, ಮಲಗಲಿ ಎಂದು. ಅವಳು ನನ್ನ ಕಣ್ಣು ನೋಡುತ್ತಾ ನುಂಗಿದಳು. ನಾನು ಕೊಟ್ಟದ್ದನ್ನು ಅವಳು ಬೇಡ ಎಂದದ್ದೇ ಇಲ್ಲ.

ನಾನು ಹುತ್ತಕ್ಕೆ ತಲೆ ಕೊಟ್ಟು ಅತ್ತೆ. ಎಷ್ಟು ಹೊತ್ತು ಅತ್ತೆನೋ ತಿಳಿಯದು. ಆಗ, ‘ನಾನು ಕೊಟ್ಟದ್ದನ್ನು’ ಎಂಬ ಮಾತೇ ಮತ್ತೆ ಮತ್ತೆ ತಲೆಯಲ್ಲಿ ತಿರುಗುತ್ತಾ ಇನ್ನೊಂದು ಕಡೆ ಹೋಗಿ ನಿಂತಿತು. ಅಕ್ಕನ ಮನೆಯ ಒಲೆ. ಬಸುರಿ ಹುಡುಗಿ. ನನಗೆ ಹೀಗಾಗುತ್ತಿರುವುದು ಈ ಅಣಬೆಯಿಂದ. ಇದರ ದೊಡ್ಡ ಪಾಲನ್ನು ನಾನೇ ಕೈಯಾರೆ ಕೊಟ್ಟು ಬಂದಿದ್ದೇನೆ.

ಫೋನು ತೆಗೆದೆ. ಪರದೆಯ ಮೇಲೆ ಅಕ್ಷರಗಳು ಇರುವೆಯಂತೆ ಹರಿದಾಡುತ್ತಿದ್ದವು. ಹೇಗೋ ಅಕ್ಕನ ಹೆಸರು ಒತ್ತಿದೆ. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಇನ್ನೊಮ್ಮೆ ಒತ್ತಿದೆ. ಅವಳು ಎತ್ತುವುದಿಲ್ಲ ಎಂಬುದು ಒಂದು ವರ್ಷದ ರೂಢಿ, ಆ ರೂಢಿಯನ್ನು ಮಾಡಿಸಿದವನೂ ನಾನೇ. ಸೊಸೆಯ ನಂಬರು ನನ್ನಲ್ಲಿರಲಿಲ್ಲ.

ಎದ್ದು ಓಡಲು ನೋಡಿದೆ. ನೀಲಗಿರಿ ತೋಪಿನಲ್ಲಿ ಎಲ್ಲ ಸಾಲೂ ಒಂದೇ. ನಡೆದಷ್ಟೂ ಅದೇ ಮರ, ಅದೇ ಕಲ್ಲು. ಒಂದು ಸಲ ತಿರುಗಿ ನಾನು ಮಾಡಿದ ಬೆಂಕಿಯ ಹತ್ತಿರವೇ ಬಂದು ನಿಂತೆ. ಲಂಟಾನದಲ್ಲಿ ಬಿದ್ದು ಮುಖ ತರಚಿತು. ನೆಲ ಉಸಿರಾಡುತ್ತಿತ್ತು, ಅದರ ಮೇಲೆ ಕಾಲಿಡಲು ಭಯವಾಗುತ್ತಿತ್ತು. ಅಲ್ಲೇ ಕೂತುಬಿಟ್ಟರೆ ಎಲ್ಲ ತಾನಾಗಿ ಮುಗಿಯುತ್ತದೆ ಎನಿಸಿತು. ಅದೂ ಮಲಗುವ ಆಸೆಯೇ. ಆ ಆಸೆಯ ಬೆಲೆ ಏನೆಂದು ಆಗಷ್ಟೇ ನೋಡಿದ್ದೆ.

ಅಕ್ಕನ ಊರಿನಲ್ಲಿ ಒಂದು ಹಿಟ್ಟಿನ ಗಿರಣಿ ಇದೆ, ಅವಳ ಮನೆಯಿಂದ ಮೂರನೆಯದು. ಮಧ್ಯಾಹ್ನ ಕರೆಂಟು ಇದ್ದಾಗ ಓಡುತ್ತದೆ. ಅದರ ಟಕಟಕ ನನಗೆ ಕೇಳಿತು. ಆದರೆ ಮಗ್ಗದ ಬೀದಿಯಲ್ಲಿ ಹುಟ್ಟಿ ಬೆಳೆದವನ ಕಿವಿಯಲ್ಲಿ ಮಗ್ಗ ಯಾವಾಗಲೂ ಓಡುತ್ತಲೇ ಇರುತ್ತದೆ, ಅದನ್ನು ನಂಬುವುದು ಹೇಗೆ? ಎರಡೂ ಕಿವಿಗೆ ಬೆರಳು ತುರುಕಿದೆ. ಒಂದು ಸದ್ದು ಉಳಿಯಿತು, ಒಂದು ನಿಂತಿತು. ಬೆರಳು ತೆಗೆದೆ, ನಿಂತದ್ದು ಮತ್ತೆ ಬಂತು. ಅದು ಹೊರಗಿನದು. ಹತ್ತು ಹೆಜ್ಜೆ ಅದರ ಕಡೆ ನಡೆಯುವುದು, ನಿಂತು ಕಿವಿ ಮುಚ್ಚಿ ನೋಡುವುದು, ಮತ್ತೆ ನಡೆಯುವುದು. ಮುಕ್ಕಾಲು ಮೈಲಿಯನ್ನು ಹೀಗೆ ದಾಟಿದೆ. ಗಿರಣಿ ನಿಂತರೆ ನನ್ನ ಕಥೆ ಮುಗಿಯಿತು ಎಂದು ಅಷ್ಟು ಹೊತ್ತೂ ಕರೆಂಟಿಗೆ ಕೈಮುಗಿಯುತ್ತಿದ್ದೆ.

ಅಕ್ಕನ ಮನೆ ಬಾಗಿಲು ತೆರೆದಿತ್ತು. ಒಳಗೆ ಸೊಸೆ ಗೋಡೆಗೊರಗಿ ಕೂತಿದ್ದಳು, ಎದುರಿಗೆ ತಟ್ಟೆ, ತಟ್ಟೆಯಲ್ಲಿ ಮುದ್ದೆ, ಸಾರು. ಮುದ್ದೆಯಿಂದ ಹಬೆ ಏಳುತ್ತಿತ್ತು. ಅವಳು ಬೆರಳಿನಿಂದ ಮುರಿದು, ಬಿಸಿ ತಾಳದೆ ಊದಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಇನ್ನೆರಡು ತಟ್ಟೆಗಳಿದ್ದವು. ಎರಡು ಯಾಕೆ ಎಂದು ಆ ಹೊತ್ತಿನಲ್ಲಿ ನಾನು ಯೋಚಿಸಲಿಲ್ಲ.

ನಾನು ಕಾಲಿನಿಂದ ತಟ್ಟೆ ಒದ್ದೆ. ಅದು ಗೋಡೆಗೆ ಬಡಿದು ಮಗುಚಿತು. ಹುಡುಗಿ ಹೊಟ್ಟೆ ಹಿಡಿದುಕೊಂಡು ಮೂಲೆಗೆ ಸರಿದಳು.

‘ತಿನ್ಬೇಡ. ವಿಷ ಐತೆ ಅದ್ರಾಗೆ. ತಿಂದ್ಯಾ? ತಿಂದ್ಯಾ ಹೇಳು.’

‘ಇಲ್ಲ ಮಾಮ, ಇನ್ನೂ ಬಾಯಿಗಿಟ್ಟಿಲ್ಲ’ ಎಂದಳು, ಅಳುತ್ತಾ.

ಅಕ್ಕ ಸೌಟು ಹಿಡಿದುಕೊಂಡೇ ಬಂದಳು. ‘ಕುಡ್ದಿದೀಯೇನೋ?’

‘ಇಲ್ಲ ಅಕ್ಕ. ಅಣಬೆ ಕೆಟ್ಟದ್ದು. ನಾನು ತಿಂದ್ಬಿಟ್ಟೆ, ನಂಗೆ ಏನೇನೋ ಆಗ್ತೈತೆ. ನೀನು ರುಚಿ ನೋಡಿದ್ಯಾ?’

‘ಇಲ್ಲ.’

ಇಲ್ಲಿಗೆ ನಾನು ನಿಲ್ಲಿಸಬಹುದಿತ್ತು. ಬಂದ ಕೆಲಸ ಮುಗಿದಿತ್ತು. ಆದರೆ ಅಂದು ನನ್ನ ಬಾಯಿ ನನ್ನ ಕೈಯಲ್ಲಿರಲಿಲ್ಲ. ಅಕ್ಕನ ಕಾಲ ಹತ್ತಿರ ಕುಸಿದು ಕೂತು ಎಲ್ಲ ಹೇಳಿದೆ. ಬೆಳಗ್ಗೆ ಒಂದು ಕೊಟ್ಟದ್ದು, ಮಧ್ಯಾಹ್ನ ಇನ್ನೊಂದು ಕೊಟ್ಟದ್ದು, ಮರೆತಲ್ಲ, ಗೊತ್ತಿದ್ದೇ ಕೊಟ್ಟದ್ದು. ಮಂಚದ ಕೆಳಗೆ ಬಿತ್ತು ಎಂದದ್ದು ಸುಳ್ಳು. ಗದರಿದ ಮಾತನ್ನೂ ಹೇಳಿದೆ, ಅಮ್ಮ ನೋಡಿದ ನೋಟವನ್ನೂ ಹೇಳಿದೆ. ಹೇಳುವಾಗ ಅಕ್ಕನ ಮುಖ ಒಮ್ಮೆ ಅವಳದಾಗಿ, ಒಮ್ಮೆ ಅಮ್ಮನದಾಗಿ ಕಾಣುತ್ತಿತ್ತು. ಎರಡರಲ್ಲಿ ಯಾವುದಕ್ಕೂ ನಾನು ಕಣ್ಣು ಕೊಡಲಾರದೆ ನೆಲ ನೋಡಿಕೊಂಡೇ ಹೇಳಿದೆ.

ಅವಳು ಒಲೆಯ ಹತ್ತಿರ ಹೋಗಿ, ಪಾತ್ರೆಯ ತಳದಲ್ಲಿ ಸೌಟು ಆಡಿಸಿ, ಏನನ್ನೋ ಎತ್ತಿ ಸೆರಗಿನಿಂದ ಒರೆಸಿಕೊಂಡು ಬಂದಳು. ಅಂಗೈ ಬಿಚ್ಚಿ ನನ್ನ ಮುಖದ ಹತ್ತಿರ ಹಿಡಿದಳು. ಅಮ್ಮನ ಕಾಲುಂಗುರ. ತೊಳೆದಿಟ್ಟ ಹಾಗೆ ಬೆಳ್ಳಗಿತ್ತು.

‘ಅಮ್ಮನ್ನ ನೆನೆಸ್ಕೊಂಡು ಹಾಕ್ದೆ ಕಣೋ’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ‘ಕಪ್ಪಾದ್ರೆ ನಾನು ಅಂದ್ಕೊಂಡಿದ್ದೇ ನಿಜ. ಬೆಳ್ಳಗೇ ಇದ್ರೆ ನಂದೇ ತಪ್ಪು, ನನ್ ತಮ್ಮ ಅಂಥೋನಲ್ಲ, ಹೋಗಿ ಅವ್ನ ಮನೇಲಿ ನೀರು ಕುಡ್ದು ಎಡೆ ಇಟ್ಟು ಬರೋಣ ಅಂತ. ಮೂರು ಸಲ ಎತ್ತಿ ನೋಡ್ದೆ. ಬೆಳ್ಳಗೇ ಇತ್ತು. ನಿಂಗೂ ಒಂದು ತಟ್ಟೆ ಇಟ್ಟಿದ್ದೆ.’

ನಾನು ತಲೆ ಎತ್ತಿ ಆ ಎರಡು ತಟ್ಟೆಗಳನ್ನು ನೋಡಿದೆ.

ಆಮೇಲೆ ಅವಳು ಮಾಡಬೇಕಾದ್ದನ್ನೆಲ್ಲ ಮಾಡಿದಳು. ಸಾರನ್ನು ಹಿತ್ತಲಿಗೆ ಒಯ್ದು ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದಳು. ಪಾತ್ರೆಯನ್ನು ಬೂದಿ ಹಾಕಿ ಉಜ್ಜಿದಳು. ಮಗಳ ಕೈಯನ್ನು ಸೋಪು ಹಚ್ಚಿ ಎರಡೆರಡು ಸಲ ತೊಳೆಸಿದಳು. ನನಗೆ ಒಂದು ಚೊಂಬು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದಳು, ಚಾಪೆ ಹಾಸಿ ಕಂಬಳಿ ಹೊದಿಸಿದಳು. ನನ್ನ ತಲೆಯನ್ನು ಎತ್ತಿ ಹಿಡಿದು ಬಿಸಿನೀರು ಕೊಟ್ಟಾಗ, ಇವಳು ನನ್ನನ್ನು ಮನ್ನಿಸಿದಳು ಎಂದುಕೊಂಡೆ.

‘ಕುಡಿ’ ಎಂದಳು. ‘ನಿನ್ ಮನೇಲಿ ನಾನು ನೀರು ಮುಟ್ಟಲ್ಲ. ಹಂಗಂತ ನನ್ ಮನೇಲಿ ನೀನು ಸಾಯೋದೂ ಬೇಡ.’

ಸಂಜೆಗೆ ಗೋಡೆಗಳು ಗೋಡೆಗಳಾದವು, ನನ್ನ ಕೈ ಮಣಿಕಟ್ಟಿನಿಂದ ಮೇಲೆ ತನ್ನ ಬಣ್ಣಕ್ಕೆ ಬಂತು. ಭಾವ ಭಾನುವಾರದ ಪಾಳಿ ಮುಗಿಸಿ ಬಂದು ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಬಿ.ಪಿ. ನೋಡಿ, ಒಂದು ಬಾಟಲಿ ಗ್ಲೂಕೋಸ್ ಹಾಕಿ, ಅಣಬೆಯ ಬಗ್ಗೆ ಬೈದು ಕಳಿಸಿದರು. ಬೆಳ್ಳಿ ಹಾಕಿ ನೋಡಿದ್ದೆವು ಸರ್ ಎಂದಾಗ ಡಾಕ್ಟರು ನಕ್ಕರು. ‘ಬೆಳ್ಳಿಗೆ ಏನ್ರೀ ಗೊತ್ತಾಗುತ್ತೆ’ ಎಂದರು.

ಆ ಎರಡನೆಯ ಮಾತ್ರೆಯಿಂದಲೇ ಅಮ್ಮ ಹೋದಳೋ, ಅಥವಾ ಅವಳ ಗಳಿಗೆಯೇ ಅದಾಗಿತ್ತೋ, ಹೇಳುವವರು ಯಾರೂ ಇಲ್ಲ. ಅಣಬೆ ಕೂಡ ಅದನ್ನು ಹೇಳಲಿಲ್ಲ. ನಾನು ಏನು ಮಾಡಿದೆ ಎಂಬುದಷ್ಟನ್ನೇ ತೋರಿಸಿ ಬಿಟ್ಟಿತು. ಆ ದಿನ ಅಣಬೆ ಕೆಟ್ಟದ್ದು ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಎಂದು ಈಗಲೂ ತೊಟ್ಟಿಯ ಮುಂದೆ ನಿಂತಾಗ ಯೋಚಿಸುತ್ತೇನೆ. ತಮ್ಮ ಬಿದ್ದು ಎದ್ದು ಓಡಿ ಬಂದು ನಮ್ಮನ್ನು ಉಳಿಸಿದ ಎಂದು ಅಕ್ಕ ಊರೆಲ್ಲ ಹೇಳಿಕೊಳ್ಳುತ್ತಿದ್ದಳು. ನಾನೂ ಅದನ್ನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಸುಮ್ಮನಿರುವುದು ನನಗೆ ರೂಢಿಯಿತ್ತು.

ಹೇಳಿದ್ದಕ್ಕೆ ಹಗುರಾಯಿತೇ ಎಂದರೆ, ಇಲ್ಲ. ಅದೆಲ್ಲ ಬೈಕಿನ ಹುಡುಗರ ಮಾತು.

ಎರಡು ತಿಂಗಳ ಮೇಲೆ ಸೊಸೆಗೆ ಹೆರಿಗೆಯಾದದ್ದು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂಬುದು ಭಾವನಿಂದ ತಿಳಿಯಿತು. ಹಸಿರು ಸೀರೆಯನ್ನು ಅವರ ಕೈಯಲ್ಲೇ ಕಳಿಸಿದೆ. ಅದು ತಿರುಗಿ ಬರಲಿಲ್ಲ, ಅಷ್ಟೇ ನನಗೆ ಗೊತ್ತಿರುವುದು.

ಅದಕ್ಕೂ ಮೊದಲು, ಅಣಬೆ ತಿಂದ ಮರುವಾರ, ತಿಥಿಯ ದಿನ ಬೆಳಗ್ಗೆ ಎದ್ದು, ಮನೆ ಗುಡಿಸಿ, ಅಮ್ಮನಿಗೆ ಇಷ್ಟವಾದ ಹಿತಕಿದ ಅವರೆ ಸಾರು ಮಾಡಿದೆ. ಅಮ್ಮನ ಎಲೆಗೆ ಬಡಿಸಿ, ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ, ಒಂದು ಲೋಟ ನೀರು ತುಂಬಿಟ್ಟೆ. ಬರುವುದಿಲ್ಲ ಎಂದು ಗೊತ್ತಿತ್ತು, ಆದರೂ ಬಾಗಿಲು ತೆಗೆದಿಟ್ಟು ಕೂತೆ. ಮೂರು ಗಂಟೆಯ ಬಸ್ಸೂ ಹೋಯಿತು. ಆಮೇಲೆ ಆ ಎಲೆ ಎತ್ತಿ, ಲೋಟದ ನೀರನ್ನು ನಾನೇ ಕುಡಿದೆ.